ಎರಡು ಬೆರಳಿನ ಜಾಗ: ತಗ್ಗಿಸಿದ ಮಿಯಾಟಾ ಕಾರಿನ ಹಿಂಬದಿ ಯಾಕೆ ಹಾರುತ್ತಿತ್ತು

ಒಣ ಟ್ರ್ಯಾಕು. ಟೈರು ಹದವಾಗಿ ಬಿಸಿಯಾಗಿತ್ತು. ತಿರುವು ನನಗೆ ಬಾಯಿಪಾಠ. ಬಲಕ್ಕೆ ಹೋಗುವ ಉದ್ದನೆಯ ತಿರುವು, ಮೂರನೇ ಗೇರು, ಆಕ್ಸಿಲರೇಟರ್ ಮೇಲೆ ಕಾಲು ಅಲುಗಾಡದೆ ಕೂತಿತ್ತು. ಆ ತಿರುವಿನ ನಡುವೆ ಒಂದು ಕಡೆ ಡಾಂಬರು ಸ್ವಲ್ಪ ಕುಸಿದಿದೆ. ಅಲ್ಲಿಗೆ ಬಂದ ತಕ್ಷಣ ಹಿಂದಿನಿಂದ ‘ದಡ್’ ಅಂತ ಒಂದು ಸದ್ದು. ಹಿಂಬದಿ ಎಡಕ್ಕೆ ಹಾರಿತು. ನಾನು ಸ್ಟಿಯರಿಂಗ್ ತಿರುಗಿಸುವಷ್ಟರಲ್ಲಿ ಕಾರು ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿತ್ತು.

ಯಾರಿಗೂ ಏನೂ ಆಗಲಿಲ್ಲ. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಹಿಂದಿನ ಚಕ್ರಗಳಿಂದ ಓಡುವ ಕಾರು ಹಿಂಬದಿ ಜಾರಿಸುವುದು ದೊಡ್ಡ ಸುದ್ದಿಯೂ ಅಲ್ಲ. ಆದರೆ ಸಾಮಾನ್ಯವಾಗಿ ಅದು ಹೇಳಿ ಜಾರುತ್ತದೆ. ಮೊದಲು ಸೀಟಿನ ಕೆಳಗೆ ಸ್ವಲ್ಪ ತೇಲಿದ ಹಾಗೆ ಅನಿಸುತ್ತದೆ, ಟೈರು ಗುನುಗುತ್ತದೆ, ಆಮೇಲೆ ಜಾರುತ್ತದೆ. ನನ್ನ ಕಾರು ಏನೂ ಹೇಳಲಿಲ್ಲ.

ಆ ಒಂದು ‘ದಡ್’ ಎಲ್ಲಿಂದ ಬಂತು ಅಂತ ಹುಡುಕಿದ್ದರ ಪೂರ್ತಿ ದಾಖಲೆ ಇದು. ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನಿಜವಾಗಿ ಅದು ಒಂದು ಸಂಜೆಯ ಕೆಲಸ.

ಕಾರು

ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್. ಇದನ್ನು ಮೊದಲು ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೊ ಆಟೊ ಶೋದಲ್ಲಿ. ಅಮೆರಿಕದಲ್ಲಿ ಮಿಯಾಟಾ ಅಂದರು, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂದರು. ಪ್ರೀತಿಸುವವರು ಎಲ್ಲ ಕಡೆ ಮಿಯಾಟಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮೇಲೇಳುವ ಹೆಡ್‌ಲೈಟು ಇರುವುದು ಈ ತಲೆಮಾರಿನಲ್ಲಿ ಮಾತ್ರ. ನಾನು ಇದನ್ನೇ ಹುಡುಕಿ ತಂದದ್ದಕ್ಕೆ ಆ ಹೆಡ್‌ಲೈಟು ಅರ್ಧ ಕಾರಣ, ಸುಳ್ಳು ಯಾಕೆ ಹೇಳಲಿ.

ಶಕ್ತಿ ಲೆಕ್ಕದಲ್ಲಿ ಇದು ಏನೂ ಅಲ್ಲ. ಸುಮಾರು 115 ಕುದುರೆಶಕ್ತಿ. ಆದರೆ ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನ್ನು ಮುಂದಿನ ಚಕ್ರಗಳ ಗೆರೆಗಿಂತ ಹಿಂದೆ ಕೂತಿದೆ, ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ, ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚು ಕಡಿಮೆ ಅರ್ಧರ್ಧ. ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಅಂದರೆ ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ತೋಳು. ಚಕ್ರ ಮೇಲೆ ಕೆಳಗೆ ಹೋಗುವಾಗ ಟೈರು ನೆಲಕ್ಕೆ ಸರಿಯಾಗಿ ಒರಗಿಕೊಳ್ಳಲಿ ಅನ್ನುವುದು ಲೆಕ್ಕ. ಸವಾರ, ಕುದುರೆ ಎರಡೂ ಒಂದೇ ಜೀವ ಅನ್ನುವ ಅರ್ಥದ ‘ಜಿನ್ಬಾ ಇತ್ತೈ’ ಎಂಬ ಮಾತನ್ನು ಮಜ್ದಾದವರು ಈ ಕಾರಿಗೆ ಬಳಸುತ್ತಾರೆ. ಜಾಹೀರಾತಿನ ಮಾತಿಗೆಲ್ಲ ನಾನು ಮರುಳಾಗುವುದಿಲ್ಲ, ಈ ಒಂದಕ್ಕೆ ಆಗಿದ್ದೇನೆ.

ತಂದ ಮೊದಲ ವರ್ಷ ಮಾಡಿದ್ದೆಲ್ಲ ಹಳೇ ಕಾರಿಗೆ ಮಾಡಲೇಬೇಕಾದ ಕೆಲಸ. ಟೈಮಿಂಗ್ ಬೆಲ್ಟು, ವಾಟರ್ ಪಂಪು, ಎಲ್ಲ ಎಣ್ಣೆಗಳು, ಸೋರುತ್ತಿದ್ದ ಕ್ಲಚ್ ಸ್ಲೇವ್ ಸಿಲಿಂಡರ್. ಆ ವರ್ಷ ಕಾರು ತುಂಬ ಚೆನ್ನಾಗಿ ಓಡುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ನಾನು ಮಾಡಿದ ಸುಧಾರಣೆ

ಎರಡನೇ ವರ್ಷ ಕಾಯಿಲೋವರ್ ಹಾಕಿದೆ. ಎತ್ತರ ಹೊಂದಿಸಬಹುದಾದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಜೋಡಿ. ಸ್ಪ್ರಿಂಗು ಮುಂದೆ ಮಿಲಿಮೀಟರಿಗೆ 8 ಕೆಜಿ, ಹಿಂದೆ 6 ಕೆಜಿ, ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು ಅಷ್ಟು ಭಾರ ಬೇಕು. ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ಯಾಕೆಂದರೆ ತಪ್ಪು ಅದರದ್ದಲ್ಲ. ಜೊತೆಗೆ 15 ಇಂಚಿನ ಚಕ್ರ, 195/50 ಟೈರು. ಮೂಲದ 185/60, 14 ಇಂಚಿನ ಟೈರಿಗೂ ಇದಕ್ಕೂ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು, ಹಾಗಾಗಿ ಅಲ್ಲಿ ತಕರಾರಿಲ್ಲ.

ಈಗ ಎತ್ತರ. ಇಲ್ಲಿ ನಾನು ಅಳತೆಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬೇರೆ ಯಾರದೋ ಕಾರಿನ ಒಂದು ಫೋಟೊ ಇತ್ತು, ಟೈರಿಗೂ ಫೆಂಡರಿಗೂ (ಚಕ್ರದ ಮೇಲಿನ ತಗಡಿಗೂ) ನಡುವೆ ಎರಡು ಬೆರಳಿನ ಜಾಗ. ನನ್ನದೂ ಹಾಗೆ ಕಾಣುವ ತನಕ ಕಾಲರು, ಅಂದರೆ ಸ್ಪ್ರಿಂಗಿನ ಎತ್ತರ ಹೊಂದಿಸುವ ಬಳೆ, ತಿರುಗಿಸಿದೆ. ಎರಡು ಬೆರಳು ಹಿಡಿಯಿತು, ಕೈ ಒರೆಸಿಕೊಂಡೆ. ಆಮೇಲೆ ಅಳೆದಾಗ ಗೊತ್ತಾಯಿತು, ಮೂಲ ಎತ್ತರಕ್ಕಿಂತ 55 ಮಿಲಿಮೀಟರ್ ಇಳಿದಿತ್ತು.

ಇನ್ನೊಂದು ಕೆಲಸವನ್ನೂ ಒಪ್ಪಿಕೊಂಡುಬಿಡುತ್ತೇನೆ. ಶಾಕಿನ ರಾಡಿನ ಮೇಲೆ ಬಂಪ್ ಸ್ಟಾಪ್ ಅಂತ ಒಂದು ಫೋಮ್ ದಿಂಡು ಇರುತ್ತದೆ. ಕಾರು ತಗ್ಗಿಸಿದ ಮೇಲೆ ಅದು ಬೇಗ ತಾಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಹಾಗಾಗಿ ಅದನ್ನು ಅರ್ಧಕ್ಕೆ ಕತ್ತರಿಸಿದೆ. ನಾಲ್ಕನ್ನೂ. ಅಡುಗೆಮನೆಯ ಚಾಕುವಿನಿಂದ.

ನುಣುಪು ರಸ್ತೆಯಲ್ಲಿ ಕಾರು ಚಿಗರೆ ಹಾಗೆ ತಿರುಗುತ್ತಿತ್ತು. ಒಡಕು ರಸ್ತೆಯಲ್ಲಿ ಕುಣಿಯುತ್ತಿತ್ತು. ಸ್ಪೋರ್ಟಿ ಕಾರು ಅಂದಮೇಲೆ ಗಟ್ಟಿ ಇರುತ್ತದೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಟ್ಟಿ ಇರುವುದಕ್ಕೂ ತಳ ತಾಗುವುದಕ್ಕೂ ವ್ಯತ್ಯಾಸ ಇದೆ ಅಂತ ಆಗ ಹೊಳೆಯಲಿಲ್ಲ.

ದಾರಿ ತಪ್ಪಿದ ನಾಲ್ಕು ತಿಂಗಳು

ಟ್ರ್ಯಾಕಿನಲ್ಲಿ ಕಾರು ತಿರುಗಿ ನಿಂತ ಮೇಲೆ ಮೊದಲು ಬೈದದ್ದು ಟೈರನ್ನು. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನ ಟೈರಿಗೆ ಆರು ವರ್ಷ ಆಗಿತ್ತು. ಸರಿ, ಹೊಸದು ಹಾಕಿಸಿದೆ. ಗ್ರಿಪ್ ನಿಜವಾಗಿಯೂ ಜಾಸ್ತಿ ಆಯಿತು. ಅದೇ ತಿರುವಿಗೆ ಇನ್ನೂ ವೇಗವಾಗಿ ಹೋದೆ. ಹಿಂಬದಿ ಇನ್ನೂ ಜೋರಾಗಿ ಹಾರಿತು.

ಇದು ನನಗೆ ಸಿಕ್ಕ ಮೊದಲ ಸುಳಿವು, ನಾನು ಅದನ್ನು ಓದಲಿಲ್ಲ. ಟೈರು ಸವೆದು ಜಾರುತ್ತಿದ್ದರೆ ಹೊಸ ಟೈರಿನಿಂದ ಕಡಿಮೆ ಆಗಬೇಕಿತ್ತು. ಹೆಚ್ಚು ಗ್ರಿಪ್ ಅಂದರೆ ತಿರುವಿನಲ್ಲಿ ಹೆಚ್ಚು ಬಲ, ಹೆಚ್ಚು ಬಲ ಅಂದರೆ ಹೊರಗಿನ ಸ್ಪ್ರಿಂಗು ಹೆಚ್ಚು ಕುಗ್ಗುತ್ತದೆ. ಕಾಯಿಲೆ ಕುಗ್ಗುವ ಕಡೆ ಇದೆ ಅಂತ ಟೈರೇ ಕೂಗಿ ಹೇಳಿತ್ತು.

ಆಮೇಲೆ ಅಲೈನ್‌ಮೆಂಟ್. ಅಂದರೆ ಚಕ್ರಗಳು ಸರಿಯಾದ ಕೋನದಲ್ಲಿ ನಿಂತಿವೆಯೇ ಅಂತ ನೋಡುವುದು. ಇಲ್ಲಿ ಒಂದು ನಿಜವಾದ ತಪ್ಪು ಸಿಕ್ಕಿತು. ಹಿಂದಿನ ಎಡ ಚಕ್ರ ಸ್ವಲ್ಪ ಹೊರಕ್ಕೆ ಮುಖ ಮಾಡಿತ್ತು, ಟೋ ಔಟ್. ಹಿಂದೆ ಟೋ ಔಟ್ ಇದ್ದರೆ ಕಾರು ನೇರ ಹೋಗುವಾಗಲೂ ಬಾಲ ಅಲ್ಲಾಡಿಸುತ್ತದೆ. ಹಿಂದೆ ಕ್ಯಾಂಬರು, ಅಂದರೆ ಚಕ್ರ ಒಳಕ್ಕೆ ವಾಲಿದ ಕೋನ, ಮೈನಸ್ 2.9 ಡಿಗ್ರಿ ತೋರಿಸಿತು, ಕಾರು ಅಷ್ಟು ಇಳಿದಾಗ ಮೇಲಿನ ತೋಳು ಚಕ್ರದ ತಲೆಯನ್ನು ಒಳಕ್ಕೆ ಎಳೆದುಕೊಂಡಿತ್ತು. ಸರಿಮಾಡಲು ಹೋದರೆ ಬೋಲ್ಟು ತಿರುಗಲಿಲ್ಲ.

ಈ ಬೋಲ್ಟಿನ ಕಥೆ ಹಳೇ ಮಿಯಾಟಾ ಇಟ್ಟುಕೊಂಡವರಿಗೆಲ್ಲ ಗೊತ್ತು. ಕೆಳಗಿನ ತೋಳಿನ ಒಳತುದಿಯಲ್ಲಿ ಇರುವ ಬೋಲ್ಟಿಗೆ ನಡು ತಪ್ಪಿದ ಒಂದು ಬಿಲ್ಲೆ ಇರುತ್ತದೆ, ಅದನ್ನು ತಿರುಗಿಸಿದರೆ ತೋಳು ಒಳಗೆ ಹೊರಗೆ ಸರಿಯುತ್ತದೆ, ಅಲೈನ್‌ಮೆಂಟ್ ಮಾಡುವುದು ಅದರಿಂದಲೇ. ಮೂವತ್ತು ವರ್ಷ ತಿರುಗಿಸದೆ ಬಿಟ್ಟರೆ ಬೋಲ್ಟು ಬುಷ್ಷಿನ (ತೋಳಿನ ಕೀಲಿನಲ್ಲಿರುವ ರಬ್ಬರಿನ) ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿಬಿಡುತ್ತದೆ. ನಟ್ಟು ಬಿಚ್ಚುತ್ತದೆ, ಬೋಲ್ಟು ಬರುವುದಿಲ್ಲ. ಎರಡು ದಿನ ತುಕ್ಕಿನ ಎಣ್ಣೆ ಬಿಟ್ಟೆ, ಬೆಂಕಿ ತೋರಿಸಿದೆ, ಸುತ್ತಿಗೆಯಿಂದ ಬಡಿದೆ. ಕೊನೆಗೆ ಬುಷ್ಷಿನ ಎರಡೂ ಬದಿಗೆ ಗರಗಸ ಹಾಕಿ ಕೊಯ್ದು ತೆಗೆದೆ. ಹೊಸ ಬುಷ್ಷು, ಹೊಸ ಬೋಲ್ಟು, ಮೈತುಂಬ ಗ್ರೀಸು. ಎಲ್ಲ ಜೋಡಿಸಿ, ಕಾರು ಇನ್ನೂ ಸ್ಟ್ಯಾಂಡಿನ ಮೇಲೆ, ಚಕ್ರಗಳು ನೇತಾಡುತ್ತಿರುವಾಗಲೇ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಈ ಸಾಲನ್ನು ಓದಿ ಯಾರಾದರೂ ತಲೆ ಚಚ್ಚಿಕೊಂಡಿದ್ದರೆ ಅವರಿಗೆ ವಿಷಯ ಗೊತ್ತಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಅಲೈನ್‌ಮೆಂಟ್ ಆದಮೇಲೆ ಕಾರು ನೇರ ರಸ್ತೆಯಲ್ಲಿ ಶಾಂತವಾಯಿತು. ಆ ತಿರುವಿನಲ್ಲಿ ಮಾತ್ರ ಮತ್ತದೇ ದಡ್.

ಮೂರನೆಯದಾಗಿ ಪುಸ್ತಕದ ಮದ್ದು. ಹಿಂಬದಿ ಜಾರಿದರೆ ಮುಂಬದಿಯನ್ನು ಗಟ್ಟಿ ಮಾಡು ಅನ್ನುತ್ತಾರೆ, ತಪ್ಪಲ್ಲ. ಮುಂದೆ ದಪ್ಪ ಆಂಟಿ ರೋಲ್ ಬಾರ್, ಅಂದರೆ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸಲಾಕೆ, ಹಾಕಿದೆ. ಈಗ ಕಾರು ಎಲ್ಲ ತಿರುವಿನಲ್ಲೂ ಮೂಗು ಹೊರಕ್ಕೆ ತಳ್ಳತೊಡಗಿತು. ತಿರುಗಿಸಿದಷ್ಟು ತಿರುಗದು. ಆದರೆ ಆ ಕುಸಿದ ಜಾಗಕ್ಕೆ ಬಂದ ಕೂಡಲೇ ಮೂಗು ತಳ್ಳುತ್ತಿದ್ದ ಅದೇ ಕಾರು ಬಾಲ ಎಸೆಯುತ್ತಿತ್ತು. ಒಂದೇ ತಿರುವು, ಎರಡು ಬೇರೆ ಬೇರೆ ಕಾರು. ಇದು ಹೊಂದಾಣಿಕೆಯ ತೊಂದರೆ ಅಲ್ಲ, ಏನೋ ಒಂದು ತಟ್ಟನೆ ಬದಲಾಗುತ್ತಿದೆ ಅಂತ ಆಗಲಾದರೂ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ಶಾಕಿನ ತಲೆಯ ಮೇಲಿದ್ದ ಗುಂಡಿಯನ್ನು ಕೊನೆಯ ಕ್ಲಿಕ್ಕಿನ ತನಕ ಗಟ್ಟಿಗೆ ತಿರುಗಿಸಿದೆ. ನಾಲ್ಕು ಪ್ರಯೋಗಗಳಲ್ಲಿ ಇದು ಎಲ್ಲಕ್ಕಿಂತ ದಡ್ಡತನದ್ದು. ನನ್ನ ಶಾಕುಗಳಲ್ಲಿ ಆ ಗುಂಡಿ ಮುಖ್ಯವಾಗಿ ರೀಬೌಂಡನ್ನು, ಅಂದರೆ ಕುಗ್ಗಿದ ಶಾಕು ಮತ್ತೆ ಹಿಗ್ಗುವ ವೇಗವನ್ನು ಕಡಿಮೆ ಮಾಡುತ್ತದೆ. ಒಂದರ ಹಿಂದೊಂದು ಉಬ್ಬು ಬಂದರೆ ಚಕ್ರ ಮೊದಲ ಉಬ್ಬಿಗೆ ಮೇಲೆ ಹೋಗುತ್ತದೆ, ಪೂರ್ತಿ ಕೆಳಗಿಳಿಯುವ ಮೊದಲೇ ಎರಡನೆಯದು ಬರುತ್ತದೆ. ಹೀಗೆ ಒಂದೊಂದು ಉಬ್ಬಿಗೂ ಕಾರು ಇನ್ನಷ್ಟು ಕೆಳಗೆ ಕೂರುತ್ತಾ ಹೋಗುತ್ತದೆ. ಮೊದಲೇ ಜಾಗವಿಲ್ಲದ ಕಾರಿನಲ್ಲಿ ಇದ್ದ ಜಾಗವನ್ನೂ ನಾನೇ ತಿಂದು ಹಾಕಿದೆ.

ಅಂದು ಪಕ್ಕದ ಸೀಟಿನಲ್ಲಿ ಗೆಳೆಯನೊಬ್ಬ ಕೂತಿದ್ದ. ಅವನಿಗೆ ಟ್ರ್ಯಾಕಿಗಿಂತ ಕಾರಿನ ಕೆಳಗೆ ಮಲಗುವುದೇ ಇಷ್ಟ. ಎರಡು ಸುತ್ತು ಸುಮ್ಮನಿದ್ದ. ಮೂರನೇ ಸುತ್ತು ಮುಗಿದಾಗ ಹೆಲ್ಮೆಟ್ ತೆಗೆದು ಕೇಳಿದ.

“ಗುರು, ನಿನ್ನ ಬಂಪ್ ಸ್ಟಾಪ್ ಯಾವ ಬಣ್ಣದ್ದು?”

“ಹಳದಿ. ಯಾಕೋ?”

“ಹಂಗಾದ್ರೆ ಹಿಂದಿನ ಚಕ್ರದ ಗೂಡಲ್ಲಿ ಹಳದಿ ಪುಡಿ ಯಾಕೆ ಬಿದ್ದಿದೆ ಅಂತ ಒಂದ್ಸಲ ನೋಡು ಮಾರಾಯ. ಬೆಳಗ್ಗೆಯಿಂದ ನೋಡ್ತಾ ಇದೀನಿ, ನೀನೇ ಹೇಳ್ತೀಯ ಅಂತ ಸುಮ್ನಿದ್ದೆ.”

ಕೇಬಲ್ ಟೈ

ಧೂಳು ತಡೆಯುವ ರಬ್ಬರನ್ನು ಮೇಲೆತ್ತಿ ನೋಡಿದೆ. ನಾನು ಅರ್ಧಕ್ಕೆ ಕತ್ತರಿಸಿದ್ದ ದಿಂಡು ಹಿಂದೆ ಎಡಗಡೆ ಪುಡಿಪುಡಿಯಾಗಿತ್ತು. ರಾಡಿನ ಸುತ್ತ ಒಂದು ಉಂಗುರದಷ್ಟು ಉಳಿದಿತ್ತು. ಅಂದರೆ ಆ ತಿರುವಿನಲ್ಲಿ ಶಾಕು ತಳ ಮುಟ್ಟುತ್ತಿದ್ದದ್ದು ಹೆಚ್ಚು ಕಡಿಮೆ ಲೋಹಕ್ಕೆ ಲೋಹ.

ಗೆಳೆಯ ಚೀಲದಿಂದ ನಾಲ್ಕು ಕೇಬಲ್ ಟೈ ಕೊಟ್ಟ. ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಅಷ್ಟೇ. ಒಂದೊಂದು ಶಾಕಿನ ಹೊಳೆಯುವ ರಾಡಿಗೆ ಒಂದೊಂದನ್ನು ಬಿಗಿದು, ಶಾಕಿನ ದೇಹದ ತುದಿಗೆ ತಾಗುವ ಹಾಗೆ ಕೆಳಗೆ ಸರಿಸಿದೆ. ಶಾಕು ಕುಗ್ಗಿದಾಗ ದೇಹ ಆ ಪಟ್ಟಿಯನ್ನು ಮೇಲೆ ತಳ್ಳುತ್ತದೆ. ಹಿಗ್ಗಿದಾಗ ಪಟ್ಟಿ ಅಲ್ಲೇ ನಿಲ್ಲುತ್ತದೆ. ಓಡಿಸಿ ಬಂದು ನೋಡಿದರೆ, ಶಾಕು ಅತಿ ಹೆಚ್ಚು ಎಷ್ಟು ಕುಗ್ಗಿತ್ತು ಅನ್ನುವುದರ ಗುರುತು ಅಲ್ಲೇ ಇರುತ್ತದೆ. ಸೆನ್ಸರಿಲ್ಲ, ಲ್ಯಾಪ್‌ಟಾಪಿಲ್ಲ.

ಓಡಿಸುವ ಮೊದಲು, ಕಾರು ಸುಮ್ಮನೆ ನಿಂತಿರುವಾಗ ಶಾಕಿನ ದೇಹದಿಂದ ದಿಂಡಿನ ತನಕ ಎಷ್ಟು ಜಾಗ ಇದೆ ಅಂತ ಅಳೆದೆ. ಉಳಿದ ದಿಂಡನ್ನೂ ಲೆಕ್ಕಕ್ಕೆ ಹಿಡಿದು ಮುಂದೆ 14 ಮಿಲಿಮೀಟರ್, ಹಿಂದೆ 9 ಮಿಲಿಮೀಟರ್. ಇದು ಶಾಕಿನಲ್ಲಿ ಅಳೆದದ್ದು. ಶಾಕು ತೋಳಿನ ನಡುವೆ ಎಲ್ಲೋ ಕೂತಿರುವುದರಿಂದ ಚಕ್ರ 10 ಮಿಲಿಮೀಟರ್ ಏರಿದರೆ ಶಾಕು ಅಷ್ಟು ಕುಗ್ಗುವುದಿಲ್ಲ. ಜ್ಯಾಕಿಟ್ಟು ಅಳೆದಾಗ ನನ್ನ ಕಾರಿನಲ್ಲಿ ಮುಂದೆ ಸುಮಾರು 7, ಹಿಂದೆ ಸುಮಾರು 7.7 ಬಂತು. ಅಂದರೆ ಹಿಂದಿನ ಚಕ್ರಕ್ಕೆ ಮೇಲೇರಲು ಇದ್ದ ಜಾಗ 12 ಮಿಲಿಮೀಟರ್.

ಹನ್ನೆರಡು. ಫೆಂಡರಿನಲ್ಲಿ ಎರಡು ಬೆರಳಿತ್ತು, ಒಳಗೆ ಒಂದು ಬೆರಳೂ ಇರಲಿಲ್ಲ.

ಟ್ರ್ಯಾಕು ಬೇಡ ಅಂತ ಗೆಳೆಯ ಹೇಳಿದ. ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಬಂದೆವು. ಹಿಂದಿನ ಎರಡೂ ಪಟ್ಟಿ ದಿಂಡಿಗೆ ಹೋಗಿ ಅಂಟಿಕೊಂಡಿದ್ದವು. ಎಡಗಡೆಯದ್ದು ಹಿಂಡಿಹೋಗಿತ್ತು.

ಒಂದು ಪುಟದ ಲೆಕ್ಕ

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಒರಟು ಲೆಕ್ಕವೇ, ಆದರೆ ಇಷ್ಟು ಸಾಕು.

ನಾನು ಕೂತಾಗ ಕಾರು ಸುಮಾರು 1050 ಕೆಜಿ. ಭಾರದ ನಡುಬಿಂದು ನೆಲದಿಂದ 45 ಸೆಂಟಿಮೀಟರ್ ಮೇಲಿದೆ ಅಂತ ಇಟ್ಟುಕೊಂಡೆ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ ಸುಮಾರು 1.4 ಮೀಟರ್. ಒಳ್ಳೆಯ ಟೈರಿನಲ್ಲಿ ಆ ತಿರುವನ್ನು 0.8 ಜಿ ಬಲದಲ್ಲಿ (ಕಾರಿನ ತೂಕದ 0.8 ಪಾಲು ಪಕ್ಕಕ್ಕೆ) ತೆಗೆದುಕೊಂಡರೆ, ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಹೋಗುವ ಭಾರ ಸುಮಾರು 2650 ನ್ಯೂಟನ್. ಅರ್ಧ ಮುಂದೆ, ಅರ್ಧ ಹಿಂದೆ ಅಂದುಕೊಳ್ಳಿ. ಹಿಂದಿನ ಹೊರಚಕ್ರಕ್ಕೆ 1300 ನ್ಯೂಟನ್ ಹೆಚ್ಚುವರಿ.

6 ಕೆಜಿಯ ಸ್ಪ್ರಿಂಗು ಅಂದರೆ ಮಿಲಿಮೀಟರಿಗೆ 59 ನ್ಯೂಟನ್. ಆದರೆ ಚಕ್ರಕ್ಕೆ ಅಷ್ಟು ಸಿಗುವುದಿಲ್ಲ. ಶಾಕಿನ ಆ 0.77 ಅನುಪಾತವನ್ನು ಎರಡು ಸಲ ಗುಣಿಸಬೇಕು, ಒಮ್ಮೆ ದೂರಕ್ಕೆ, ಒಮ್ಮೆ ಬಲಕ್ಕೆ. ಉಳಿಯುವುದು 35. 1300ನ್ನು 35ರಿಂದ ಭಾಗಿಸಿದರೆ 37 ಮಿಲಿಮೀಟರ್. ಆಂಟಿ ರೋಲ್ ಬಾರು, ತೋಳುಗಳ ಕೋನ ಎಲ್ಲ ಸೇರಿ ಇದರಲ್ಲಿ ಒಂದಷ್ಟನ್ನು ಹೊತ್ತುಕೊಳ್ಳುತ್ತವೆ. ಧಾರಾಳವಾಗಿ ಶೇಕಡಾ 40 ಕಳೆದರೂ 22 ಮಿಲಿಮೀಟರ್ ಬೇಕು.

ಇದ್ದದ್ದು 12. ಅಂದರೆ ಆ ಕುಸಿದ ಜಾಗ ಬರುವ ಮೊದಲೇ, ಕನ್ನಡಿಯಂಥ ಡಾಂಬರಿನ ಮೇಲೂ, ನನ್ನ ಕಾರಿನ ಹಿಂಬದಿ ಬಂಪ್ ಸ್ಟಾಪಿನ ಮೇಲೆ ಒರಗಿಕೊಂಡೇ ತಿರುವು ದಾಟುತ್ತಿತ್ತು. ಕುಸಿದ ಜಾಗ ಬರೀ ನೆಪ.

ತಳ ಮುಟ್ಟಿದಾಗ ಹಿಂಬದಿ ಹಾರುವುದು ಯಾಕೆ? ಸ್ಪ್ರಿಂಗಿನ ಜಾಗದಲ್ಲಿ ತಟ್ಟನೆ ಹತ್ತು ಪಟ್ಟು ಗಟ್ಟಿಯಾದ ಸ್ಪ್ರಿಂಗು ಬಂದ ಹಾಗೆ ಆಗುತ್ತದೆ. ಹಿಂಬದಿ ಗಟ್ಟಿಯಾದ ಕೂಡಲೇ ವಾಲುವ ಭಾರದಲ್ಲಿ ಮುಂಬದಿಯ ಪಾಲನ್ನೂ ಹಿಂದಿನ ಹೊರಚಕ್ರವೇ ಎಳೆದುಕೊಳ್ಳುತ್ತದೆ, ಹಿಂದಿನ ಒಳಚಕ್ರ ಹಗುರಾಗುತ್ತದೆ. ಟೈರಿನ ಸ್ವಭಾವ ಏನೆಂದರೆ, ಭಾರ ಎರಡು ಪಟ್ಟಾದರೆ ಗ್ರಿಪ್ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆಯೇ. ಹಾಗಾಗಿ ಹೊರಗಿನದ್ದು ಗಳಿಸಿದ್ದು ಒಳಗಿನದ್ದು ಕಳೆದುಕೊಂಡದ್ದಕ್ಕೆ ಸಾಲುವುದಿಲ್ಲ. ಎರಡೂ ಸೇರಿ ಹಿಂಬದಿಯ ಒಟ್ಟು ಗ್ರಿಪ್ ಕುಸಿಯುತ್ತದೆ. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮುಂದೆ ದಪ್ಪ ಬಾರು ಹಾಕಿದಾಗ ಒಂದೇ ತಿರುವಿನಲ್ಲಿ ಎರಡು ಕಾರು ಕಂಡದ್ದು ಇದಕ್ಕೇ.

ಕಾರ್ಖಾನೆಯವರು ಬಂಪ್ ಸ್ಟಾಪನ್ನು ಉದ್ದವಾಗಿ, ಮೊದಮೊದಲು ಮೆತ್ತಗೆ, ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಹಾಗೆ ಮಾಡುವುದು ಈ ಏಟನ್ನು ಹಂಚಲಿಕ್ಕೆ. ಅದು ಸಸ್ಪೆನ್ಷನ್ನಿನ ಎರಡನೇ ಸ್ಪ್ರಿಂಗು. ನಾನು ಚಾಕು ಹಾಕಿದ್ದು ಅದಕ್ಕೆ.

ಮೂರು ದಾರಿ

ಲೆಕ್ಕ ಮುಂದಿದ್ದರೆ ದಾರಿಗಳೂ ಕಾಣುತ್ತವೆ. ಸ್ಪ್ರಿಂಗು ಇನ್ನೂ ಗಟ್ಟಿ ಮಾಡಬಹುದು. 22 ಮಿಲಿಮೀಟರನ್ನು 11ಕ್ಕೆ ಇಳಿಸಬೇಕಾದರೆ ಸ್ಪ್ರಿಂಗು 12 ಕೆಜಿ ಬೇಕು. ಈಗಿನ ಸ್ಪ್ರಿಂಗಿನಲ್ಲೇ ಕಾರು ಸೆಕೆಂಡಿಗೆ ಸುಮಾರು 2 ಸಲ ತೂಗುತ್ತಿತ್ತು, ಮಾಮೂಲಿ ಮನೆಬಳಕೆಯ ಕಾರು ತೂಗುವುದು ಒಂದರಿಂದ ಒಂದೂವರೆ ಸಲ. ಸ್ಪ್ರಿಂಗು ಎರಡು ಪಟ್ಟಾದರೆ ಅದು 2.8ರ ಹತ್ತಿರ ಹೋಗುತ್ತದೆ. ಒಡಕು ರಸ್ತೆಯಲ್ಲಿ ಟೈರು ನೆಲ ಬಿಟ್ಟು ಹಾರುತ್ತದೆ, ಬೆನ್ನಿಗಂತೂ ದೇವರೇ ಗತಿ. ಇಷ್ಟಾದರೂ ಉಬ್ಬಿಗೆ ಉಳಿಯುವ ಜಾಗ ಒಂದು ಮಿಲಿಮೀಟರು. ಬೇಡ.

ಕಾರನ್ನು ಮೇಲೆತ್ತಬಹುದು. ಖರ್ಚಿಲ್ಲ. ಅಹಂಕಾರ ಒಂದನ್ನು ಬಿಡಬೇಕು.

ಇಲ್ಲವೇ ಎತ್ತರ ಹಾಗೇ ಇಟ್ಟು ಒಳಗಿನ ಜಾಗ ಹೆಚ್ಚಿಸಬಹುದು. ಇಲ್ಲಿ ಕಾಯಿಲೋವರಿನ ಜಾತಿ ಮುಖ್ಯ. ಒಂದು ಜಾತಿಯಲ್ಲಿ ಎತ್ತರ ಬದಲಾಗುವುದು ಸ್ಪ್ರಿಂಗಿನ ಕೆಳಗಿನ ತಟ್ಟೆಯನ್ನು ತಿರುಗಿಸಿ. ತಟ್ಟೆ ಇಳಿದಷ್ಟೂ ಶಾಕು ಕುಗ್ಗಿದ ಸ್ಥಿತಿಯಲ್ಲೇ ನಿಂತಿರುತ್ತದೆ, ಅಂದರೆ ತಗ್ಗಿಸಿದ ಪ್ರತಿ ಮಿಲಿಮೀಟರೂ ಶಾಕು ಕುಗ್ಗಲು ಇರುವ ಜಾಗದಿಂದಲೇ ಹೋಗುತ್ತದೆ. ನನ್ನದು ಇದೇ. ಇನ್ನೊಂದು ಜಾತಿಯಲ್ಲಿ ಶಾಕಿನ ಕೆಳಗಿನ ಬುಡವೇ ತಿರುಗಿ ಒಟ್ಟು ಉದ್ದ ಕಡಿಮೆ ಆಗುತ್ತದೆ, ಶಾಕಿನ ಒಳಗಿನ ಓಟ ಹಾಗೇ ಉಳಿಯುತ್ತದೆ. ಅದರಲ್ಲೂ ಟೈರು ಫೆಂಡರಿಗೆ ತಾಗುವುದನ್ನು ನೋಡಿಕೊಳ್ಳಬೇಕು ಅನ್ನುವುದು ಬೇರೆ ಮಾತು.

ಸರಿಮಾಡಿದ್ದು

ಒಂದೇ ಸಲಕ್ಕೆ ಎಲ್ಲ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ. ಹಿಂದಿನ ನಾಲ್ಕು ತಿಂಗಳಲ್ಲಿ ನಾನು ಕಲಿತ ಒಂದೇ ಒಳ್ಳೆಯ ಪಾಠ ಇದು. ಹಾಗಾಗಿ ಮೊದಲು ಮೂರೇ ಕೆಲಸ. ಸರಿಯಾದ ಉದ್ದದ ಹೊಸ ಬಂಪ್ ಸ್ಟಾಪ್ ಹಾಕಿದೆ, ಕಾಲರು ತಿರುಗಿಸಿ ಕಾರನ್ನು 30 ಮಿಲಿಮೀಟರ್ ಎತ್ತಿದೆ. ಶಾಕಿನ ಗುಂಡಿಯನ್ನು ನಡುವಿಗೆ ತಂದೆ.

ಎತ್ತರ ಬದಲಾದ್ದರಿಂದ ತೋಳುಗಳ ನಟ್ಟು ಸಡಿಲಿಸಿ ಮತ್ತೆ ಬಿಗಿಯಬೇಕಿತ್ತು. ಕಾರು ನಾಲ್ಕೂ ಚಕ್ರದ ಮೇಲೆ ರ‍್ಯಾಂಪಿನಲ್ಲಿ ನಿಂತಿತ್ತು. ಹಿಂದಿನ ನಟ್ಟುಗಳನ್ನು ಸಡಿಲಿಸಿದ ಕೂಡಲೇ ಕಾರು ‘ಕಿರ್’ ಅಂತ ನಿಟ್ಟುಸಿರು ಬಿಟ್ಟು 4 ಮಿಲಿಮೀಟರ್ ಕೆಳಗೆ ಕೂತಿತು! ರಬ್ಬರ್ ಬುಷ್ಷು ಬೇರಿಂಗಿನ ಹಾಗೆ ಜಾರಿ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರಿಗೆ ಅದೇ ನೆಮ್ಮದಿಯ ಸ್ಥಿತಿ. ಕಾರನ್ನು ನೆಲಕ್ಕಿಳಿಸಿದರೆ ಅದು ತಿರುಚಿಕೊಂಡು ಹಗಲೂ ರಾತ್ರಿ ಕಾರನ್ನು ಮೇಲೆ ತಳ್ಳುತ್ತಾ ಕೂರುತ್ತದೆ, ಬೇಗ ಹರಿಯುತ್ತದೆ. ಅದಕ್ಕೇ ಈ ನಟ್ಟುಗಳನ್ನು ಕಾರು ತನ್ನ ಎತ್ತರದಲ್ಲಿ ನಿಂತಾಗಲೇ ಬಿಗಿಯಬೇಕು. ಇದು ಸರ್ವಿಸ್ ಪುಸ್ತಕದಲ್ಲಿ ಸ್ಪಷ್ಟವಾಗಿ ಇರುತ್ತದೆ, ನಾನು ಟಾರ್ಕಿನ ಅಂಕಿ ಮಾತ್ರ ನೋಡಿದ್ದೆ. ಕಾಲರನ್ನು ಮತ್ತೆ ಅಷ್ಟು ತಿರುಗಿಸಿ ಎತ್ತರ ಸರಿಮಾಡಿದೆ. ಆಮೇಲೆ ಅಲೈನ್‌ಮೆಂಟ್: ಕ್ಯಾಂಬರು ಮುಂದೆ ಮೈನಸ್ 1.2, ಹಿಂದೆ ಮೈನಸ್ 1.6, ಟೋ ಮುಂದೆ ಸೊನ್ನೆ, ಹಿಂದೆ ತುಸು ಒಳಕ್ಕೆ. ಗ್ರೀಸು ಹಚ್ಚಿದ್ದ ಬೋಲ್ಟುಗಳು ಈ ಸಲ ಒಂದು ಕೈಯಲ್ಲಿ ತಿರುಗಿದವು. ಆ ಸುಖವೇ ಬೇರೆ.

ಅದೇ ಟ್ರ್ಯಾಕು, ಅದೇ ಟೈರು, ಅದೇ ತಿರುವು. ಮೊದಲು ಮೆಲ್ಲಗೆ, ಆಮೇಲೆ ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಜಾಸ್ತಿ. ಕುಸಿದ ಜಾಗದಲ್ಲಿ ಹಿಂಬದಿ ಒಮ್ಮೆ ಕೆಳಗೆ ಕೂತು ಎದ್ದಿತು, ಅಷ್ಟೇ. ಕೊನೆಗೆ ಬೇಕೆಂದೇ ಮಿತಿ ದಾಟಿದೆ. ಬಾಲ ಸರಿಯಿತು, ಆದರೆ ಹೇಳಿ ಸರಿಯಿತು. ಸೀಟಿನಲ್ಲಿ ಆ ಹಳೇ ತೇಲುವಿಕೆ ಗೊತ್ತಾಯಿತು, ಸ್ಟಿಯರಿಂಗು ತಿರುಗಿಸಲು ಬೇಕಾದಷ್ಟು ಹೊತ್ತಿತ್ತು.

ಎರಡನೇ ಹಂತದಲ್ಲಿ ಶಾಕುಗಳನ್ನೇ ಬದಲಿಸಿದೆ, ಹಳೆಯವು ಲೋಹಕ್ಕೆ ಲೋಹ ಬಡಿದು ಒಂದರ ಸೀಲು ಜಿನುಗಲು ಶುರುವಾಗಿತ್ತು. ಸ್ಪ್ರಿಂಗು ಮುಂದೆ 7, ಹಿಂದೆ 4.5 ಕೆಜಿಗೆ ಇಳಿಸಿದೆ. ಶಾಕಿನ ತಲೆಯನ್ನು ಕಾರಿಗೆ ಹಿಡಿಸಲು ಎರಡನೇ ತಲೆಮಾರಿನ ಎಂಎಕ್ಸ್-5ರ ಟಾಪ್ ಮೌಂಟ್ ಹಾಕಿದೆ, ಅದರ ಆಕಾರದಿಂದ ಶಾಕಿಗೆ ಮೇಲೆ ಇನ್ನಷ್ಟು ಜಾಗ ಸಿಗುತ್ತದೆ ಅನ್ನುವುದು ಮಿಯಾಟಾದವರಲ್ಲಿ ಹಳೇ ಗುಟ್ಟು. ಮುಂದಿನ ದಪ್ಪ ಬಾರನ್ನು ತೆಗೆದು ಮೂಲದ್ದನ್ನೇ ಹಾಕಿದೆ. ಈಗ ಹಿಂದಿನ ಚಕ್ರಕ್ಕೆ ದಿಂಡು ತಾಗುವ ಮೊದಲು ಸುಮಾರು 55 ಮಿಲಿಮೀಟರ್ ಇದೆ. ಮೆತ್ತನೆ ಸ್ಪ್ರಿಂಗಿನ ಲೆಕ್ಕದಲ್ಲಿ ತಿರುವಿಗೆ 30 ಬೇಕು. ಉಳಿದ 25 ಉಬ್ಬು ತಗ್ಗಿಗೆ.

ಸ್ಪ್ರಿಂಗು ಮೆತ್ತಗಾಗಿ, ಕಾರು ಎತ್ತರವಾಗಿ, ಸುತ್ತಿಗೆ ಒಂದೂವರೆ ಸೆಕೆಂಡು ಕಡಿಮೆ ಆಯಿತು. ಅದರಲ್ಲಿ ಎಷ್ಟು ಶಾಕಿನದ್ದು, ಎಷ್ಟು ನನ್ನ ಧೈರ್ಯದ್ದು ಅಂತ ಬಿಡಿಸಿ ಹೇಳಲಾರೆ. ಹಿಂಬದಿ ಹಾರುತ್ತದೆ ಅಂತ ಹೆದರಿಕೊಂಡು ಓಡಿಸುವವನು ಎಲ್ಲ ತಿರುವಿನಲ್ಲೂ ಸ್ವಲ್ಪ ಸ್ವಲ್ಪ ಕಾಲು ತೆಗೆಯುತ್ತಿರುತ್ತಾನೆ, ಅಲ್ವಾ.

ಹಳೇ ಕಾಯಿಲೋವರ್ ಕೊಳ್ಳಲು ಒಬ್ಬ ಹುಡುಗ ಬಂದಿದ್ದ. ಜಿನುಗುವ ಸೀಲು ತೋರಿಸಿದೆ, ರಿಪೇರಿ ಆಗುತ್ತದೆ ಅಂದ. ಅವನ ಫೋನಿನಲ್ಲೂ ಒಂದು ಫೋಟೊ ಇತ್ತು, ಟೈರಿಗೂ ಫೆಂಡರಿಗೂ ನಡುವೆ ಜಾಗವೇ ಇಲ್ಲದ ಒಂದು ಕಾರು. ಇದರಲ್ಲಿ ಇಷ್ಟು ಇಳಿಯುತ್ತಾ ಅಣ್ಣ ಅಂತ ಕೇಳಿದ. ಇಳಿಯುತ್ತೆ ಅಂದೆ. ದುಡ್ಡಿನ ಮಾತು ಮುಗಿದ ಮೇಲೆ ಪೆಟ್ಟಿಗೆಯೊಳಗೆ ನಾಲ್ಕು ಕೇಬಲ್ ಟೈ ಹಾಕಿ, ರಾಡಿಗೆ ಹೇಗೆ ಕಟ್ಟುವುದು ಅಂತ ತೋರಿಸಿ ಕಳಿಸಿದೆ. ಫೋನು ಬಂದಿಲ್ಲ ಇನ್ನೂ.

ನನ್ನ ಕಾರಿನ ಪಟ್ಟಿಗಳು ಈಗಲೂ ರಾಡಿನ ಮೇಲೇ ಇವೆ. ಕಳೆದ ಸಲ ನೋಡಿದಾಗ ಹಿಂದೆ ಎಡಗಡೆಯದ್ದು ಬಂಪ್ ಸ್ಟಾಪಿಗೆ 8 ಮಿಲಿಮೀಟರ್ ಕೆಳಗಿತ್ತು, ಬಲಗಡೆಯದ್ದು 13. ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಜಾಸ್ತಿ, ಅದಕ್ಕಿರಬಹುದು. ನಾಲ್ಕೂ ಮೂಲೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ ನೋಡಬೇಕು. ಗೆಳೆಯನ ಹತ್ತಿರ ತಕ್ಕಡಿ ಇದೆ, ಭಾನುವಾರ ಬಾ ಅಂದಿದ್ದಾನೆ.